ಎತ್ತರದ ಸ್ಟೂಲಿನ ಮೇಲೆ ಅತ್ತಿಗೆ

ಒಳಾಂಗಣ ಕ್ರೀಡಾಂಗಣದ ಹಿಂಬಾಗಿಲಿಗೆ ಎದುರಾಗಿ, ಔಷಧಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಒಂದು ಹೊಲಿಗೆ ಅಂಗಡಿಯಿದೆ. ಪ್ಯಾಂಟ್ ಗಿಡ್ಡ ಮಾಡಿಕೊಡಲಾಗುವುದು, ಜಿಪ್ ಹಾಕಿಕೊಡಲಾಗುವುದು ಎಂದು ಬೋರ್ಡಿನಲ್ಲಿ ಬರೆದಿದ್ದರೂ ಅಂಗಡಿಯ ಹೊಟ್ಟೆ ತುಂಬುವುದು ಇನ್ನೊಂದು ಕೆಲಸದಿಂದ. ಊರಿನ ಬಾಸ್ಕೆಟ್‌ಬಾಲ್ ತಂಡದಿಂದ ಒಬ್ಬ ಆಟಗಾರ ಹೋಗಿ ಮತ್ತೊಬ್ಬ ಬಂದಾಗ, ಹೊಸ ಜೆರ್ಸಿ ಕೊಳ್ಳುವಷ್ಟು ಅನುಕೂಲವಿಲ್ಲದ, ಹಳೆಯದನ್ನು ಮೂಲೆಗೆಸೆಯಲು ಮನಸ್ಸೂ ಬಾರದ ಅಭಿಮಾನಿಗಳು ಇಲ್ಲಿಗೆ ಬರುತ್ತಾರೆ. ಬೆನ್ನ ಮೇಲಿನ ಹಳೆಯ ಹೆಸರನ್ನು ಬಿಚ್ಚಿಸಿ, ಹೊಸದನ್ನು ಹೊಲಿಸಿಕೊಂಡು ಹೋಗುತ್ತಾರೆ.

ಬಿಚ್ಚುವವರೂ ಹೊಲಿಯುವವರೂ ಅತ್ತಿಗೆ. ಅಂಗಡಿಯ ಯಜಮಾನನಿಗೆ ಅವರು ಅಣ್ಣನ ಹೆಂಡತಿ. ಅವನು ಕರೆಯುವುದನ್ನು ಕೇಳಿ ಕೇಳಿ ಈಗ ಇಡೀ ಬೀದಿಗೇ ಅತ್ತಿಗೆಯಾಗಿದ್ದಾರೆ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಬೀಗದ ಅಂಗಡಿಯ ಅಜ್ಜನೂ ಹಾಗೆಯೇ ಕರೆಯುತ್ತಾರೆ. ಯಜಮಾನನನ್ನು ಮಾತ್ರ ಯಾರೂ ಯಜಮಾನ ಎನ್ನುವುದಿಲ್ಲ. ಅತ್ತಿಗೆಯ ಲೆಕ್ಕದಲ್ಲಿ ಅವನು ಮೈದುನ, ಹಾಗಾಗಿ ಗಿರಾಕಿಗಳಿಗೂ ಅವನು ಮೈದುನನೇ.

ಅರವತ್ತು ದಾಟಿದ ಅತ್ತಿಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಾರೆ. ಕೈಯಲ್ಲಿ ಅರ್ಧ ಮುರಿದ ಬ್ಲೇಡು. ಜೆರ್ಸಿಯನ್ನು ಒಳಮಗ್ಗುಲಿಗೆ ತಿರುಗಿಸಿ, ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸಿ, ಹೊರಗಿನಿಂದ ಮೆಲ್ಲಗೆ ಎಳೆದರೆ ಅಕ್ಷರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಉಳಿಯುವ ಸೂಜಿಯ ತೂತುಗಳನ್ನು ಉಗುರಿನಿಂದ ಉಜ್ಜಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ನೂಲು ಮತ್ತೆ ಕೂಡಿಕೊಳ್ಳುತ್ತದೆ. ಕಷ್ಟ ಬರುವುದು ಆಮೇಲೆ. ಅಕ್ಷರದ ಅಡಿಯಲ್ಲಿದ್ದ ಬಟ್ಟೆ ಬಿಸಿಲು ಕಂಡಿರುವುದಿಲ್ಲ. ಅಲ್ಲಿ ಹಳೆಯ ಹೆಸರು ಕಡುಬಣ್ಣದ ನೆರಳಾಗಿ ನಿಂತಿರುತ್ತದೆ. ಹೊಸ ಹೆಸರಿನ ಅಕ್ಷರಗಳನ್ನು ಆ ನೆರಳು ಮುಚ್ಚುವಂತೆ ಜೋಡಿಸಬೇಕು. ಆದ್ದರಿಂದ ಆಟಗಾರರ ವಿಷಯದಲ್ಲಿ ಅತ್ತಿಗೆಯ ಅಭಿಪ್ರಾಯ ಬಹುಕಾಲ ಒಂದೇ ಆಗಿತ್ತು: ಉದ್ದ ಹೆಸರಿನವನು ಹೋಗಬಾರದು, ಗಿಡ್ಡ ಹೆಸರಿನವನು ಬರಬಾರದು.

ಅಂಗಡಿಯ ಮುಂದೆ ಒಂದು ಬೆಂಚು, ಅದರ ಪಕ್ಕ ಎತ್ತರದ ಒಂದು ಸ್ಟೂಲು. ಸಂಜೆ ಬೆಂಚು ತುಂಬುತ್ತದೆ. ಅಲ್ಲಿನ ಕಟ್ಟಳೆಯ ಪ್ರಕಾರ ಸ್ಟೂಲಿನ ಮೇಲೆ ಕೂತವರು ಆ ಸಂಜೆಯ ಮಟ್ಟಿಗೆ ತಂಡದ ಮ್ಯಾನೇಜರ್. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆಷ್ಟು ಸಂಬಳ ಎಂದು ಅವರು ತೀರ್ಮಾನಿಸಬೇಕು. ಬೆಂಚಿನವರ ಎಲ್ಲ ಪ್ರಶ್ನೆಗಳಿಗೆ ಉತ್ತರ ಕೊಡುವವರೆಗೆ ಕೆಳಗಿಳಿಯುವಂತಿಲ್ಲ. ಒಮ್ಮೆ ಔಷಧಿ ಅಂಗಡಿಯವನು ತನ್ನ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೂ ಇಳಿಯಲಾಗದೆ, ಕೆಮ್ಮಿನ ಔಷಧಿ ಯಾವ ಕಪಾಟಿನಲ್ಲಿದೆ ಎಂದು ಸ್ಟೂಲಿನ ಮೇಲಿಂದಲೇ ಕೂಗಿ ಹೇಳಿದ್ದ.

ಆ ವರ್ಷದ ಚರ್ಚೆಯೆಲ್ಲ ತಂಡದ ನಾಯಕನ ಸುತ್ತ. ಮೂವತ್ತೆಂಟು ತುಂಬಿದ್ದರಿಂದ ಅಭಿಮಾನಿಗಳು ಅವನಿಗೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. ಈಗೀಗ ಅವನು ಓಡುವುದು ಕಡಿಮೆ, ಬೇರೆಯವರನ್ನು ಓಡಿಸುವುದು ಹೆಚ್ಚು. ಒಂದು ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದ ಸಂಬಳಕ್ಕೆ ಲೀಗು ಮಿತಿ ಹಾಕಿದೆ. ಒಬ್ಬನಿಗೆ ಜಾಸ್ತಿ ಬಡಿಸಿದರೆ ಉಳಿದವರ ತಟ್ಟೆ ಖಾಲಿ. ದೊಡ್ಡಪ್ಪನೊಬ್ಬನೇ ಆ ಮಿತಿಯ ಮೂರನೇ ಒಂದು ಭಾಗ ನುಂಗುತ್ತಿದ್ದ, ಮತ್ತು ಅವನ ಕಾಂಟ್ರಾಕ್ಟು ಆ ತಿಂಗಳಿಗೆ ಮುಗಿಯುತ್ತಿತ್ತು.

ಮೈದುನ ಸ್ಟೂಲು ಹತ್ತಿದಾಗಲೆಲ್ಲ ದೊಡ್ಡಪ್ಪನನ್ನು ಮನೆಗೆ ಕಳಿಸುತ್ತಿದ್ದ.

“ಆ ದುಡ್ಡಲ್ಲಿ ಮೂರು ಹುಡುಗ್ರು ಬರ್ತಾರೆ. ಆರು ಕಾಲು. ಇವನಿಗಿರೋದು ಎರಡು, ಅದರಲ್ಲೂ ಒಂದು ಕುಂಟು.”

“ಕಾಲು ಜಾಸ್ತಿ ಇದ್ರೆ ಆಟ ಬರುತ್ತೇನಪ್ಪ? ಜಿರಳೆಗೂ ಆರು ಕಾಲಿದೆ,” ಎಂದು ಬಸ್ಸಿನ ಡ್ರೈವರಣ್ಣ ಹೇಳುತ್ತಿದ್ದ. ಅವನು ದೊಡ್ಡಪ್ಪನ ಪಕ್ಷ. ನಡುವಿನ ದಾರಿ ಲೆಕ್ಕದ ಟೀಚರದು. ದೊಡ್ಡಪ್ಪನಿಗೆ ಅರ್ಧ ಸಂಬಳ, ಉಳಿದರ್ಧದಲ್ಲಿ ಇಬ್ಬರು ಎಂದು ಅವರು ಅಚ್ಚುಕಟ್ಟಾಗಿ ತಂಡ ಕಟ್ಟುತ್ತಿದ್ದರು. ಒಂದು ಸಂಜೆ ಮಾತ್ರ ಮಿತಿ ಮುಗಿದು ನಾಲ್ಕೇ ಆಟಗಾರರು ಸಿಕ್ಕರು. ಐದನೆಯವರು ಯಾರು ಎಂದು ಬೆಂಚು ಕೇಳಿದಾಗ, ಐದನೆಯವಳು ನಾನೇ, ಸಂಬಳ ಬೇಡ ಎಂದು ಹೇಳಿ ಇಳಿದು ಹೋದರು.

ಕಿಟಕಿಯ ಒಳಗಿನಿಂದ ಅತ್ತಿಗೆ ಇದನ್ನೆಲ್ಲ ಕೇಳಿ ನಗುತ್ತಿದ್ದರು. ಒಂದು ಸಂಗತಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಮೊನ್ನೆ ಮೊನ್ನೆಯವರೆಗೆ ಇಡೀ ಬೀದಿಯಲ್ಲಿ ದೊಡ್ಡಪ್ಪನ ಅತಿ ದೊಡ್ಡ ಭಕ್ತನೆಂದರೆ ಮೈದುನನೇ. ಅವನು ತಿರುಗಿಬಿದ್ದದ್ದು ಒಬ್ಬ ಮಾರಾಟಗಾರ ಅಂಗಡಿಗೆ ಬಂದುಹೋದ ಮೇಲೆ.

ಆ ಮಾರಾಟಗಾರ ತೋರಿಸಿದ್ದು ಕಂಪ್ಯೂಟರ್ ಕಸೂತಿ ಮೆಷಿನ್ನಿನ ವಿಡಿಯೋ. ಹೆಸರು ಒತ್ತಿದರೆ ಸಾಕು, ಅತ್ತಿಗೆ ಒಂದು ಅಕ್ಷರದ ಅಂಚು ಹೊಲಿಯುವಷ್ಟರಲ್ಲಿ ಮೆಷಿನ್ನು ಇಡೀ ಹೆಸರನ್ನು ಹೊಲಿದು ಮುಗಿಸುತ್ತದೆ. ತಿಂಗಳ ಕಂತು ಎಷ್ಟು ಎಂದು ಮೈದುನ ಕೇಳಿದ. ಮಾರಾಟಗಾರ ಹೇಳಿದ್ದು ಹೆಚ್ಚುಕಡಿಮೆ ಅತ್ತಿಗೆಯ ಸಂಬಳದಷ್ಟೇ. ಯೋಚನೆ ಮಾಡಿ ಹೇಳುತ್ತೇನೆ ಎಂದ ಮೈದುನ, ಹೇಳುವಾಗ ಒಮ್ಮೆ ಕಿಟಕಿಯ ಕಡೆ ನೋಡಿದ. ಆ ನೋಟ ಅತ್ತಿಗೆಯ ಕಣ್ಣಿಗೆ ಬಿತ್ತು.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ಇಲ್ಲಿ ಕೋಪವೇನೂ ಇರಲಿಲ್ಲ. ಅತ್ತಿಗೆಗೆ ಹೇಳಲಾಗದ್ದನ್ನು ಮೈದುನ ದೊಡ್ಡಪ್ಪನಿಗೆ ಹೇಳುತ್ತಿದ್ದ. ಅದು ತನಗೇ ಗೊತ್ತಿರಲಿಲ್ಲ ಎಂದು ಆಮೇಲೆ ಆಣೆ ಮಾಡಿದ. ಆದರೆ ಒಂದು ಸಂಜೆ ಅವನ ನಾಲಿಗೆ ಜಾರಿತು.

“ದೊಡ್ಡಪ್ಪ ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದ್ರೆ ಕೈ ನಿಧಾನ ಆಗಿದೆ.”

“ಕೈಯಾ?” ಎಂದ ಡ್ರೈವರಣ್ಣ. “ಕೆಟ್ಟಿರೋದು ಮೊಣಕಾಲಲ್ವಾ?”

“ಕೈಯೂ ಅಷ್ಟೇ,” ಎಂದು ಮೈದುನ ಮಾತು ತೇಲಿಸಿದ. ಒಳಗೆ ಬ್ಲೇಡು ನಿಂತಿತು.

ಮನೆಗೆ ಹೋಗಿ ಅತ್ತಿಗೆ ಗಂಡನ ಮುಂದೆ ವಿಷಯವಿಟ್ಟರು. ಗಂಡ ನಿವೃತ್ತರಾದ ಮೇಲೆ ಅಡುಗೆಮನೆ ಹಿಡಿದವರು, ಪಾತ್ರೆ ತಿಕ್ಕುತ್ತಲೇ ಕೇಳಿದರು. ಬಿಟ್ಟು ಮನೆಯಲ್ಲಿರು, ಇಬ್ಬರ ಊಟಕ್ಕೇನು ಕಡಿಮೆ ಎಂದರು. ಅತ್ತಿಗೆಗೆ ಬೇಕಾದದ್ದು ಊಟವಲ್ಲ. ಆ ಕಿಟಕಿ, ಆ ಬೆಂಚು, ಆ ಜಗಳ, ಬೆನ್ನು ತಿರುಗಿಸಿ ನಿಂತು ಹೇಗೆ ಕಾಣುತ್ತೆ ಅತ್ತಿಗೆ ಎಂದು ಕೇಳುವ ಜನ. ಮನೆಯಲ್ಲಿ ಕೂತರೆ ನೋಡಲು ಇರುವುದು ಗಂಡ ಮತ್ತು ಗೋಡೆ. ಹಾಗೆಂದು ಬಾಯಿಬಿಟ್ಟೂ ಹೇಳಿದರು.

“ಹಾಗಾದ್ರೆ ನೀನೇ ಬಾಯಿ ಬಿಡಿಸು,” ಎಂದರು ಗಂಡ. “ಅವನು ನಿನ್ನ ಮುಂದೆ ತಾನಾಗಿ ಬಾಯಿ ಬಿಡಲ್ಲ. ಚಡ್ಡಿ ಹಾಕೋ ವಯಸ್ಸಲ್ಲಿ ಮಗ್ಗಿ ಒಪ್ಪಿಸಿದ್ದಾನೆ ನಿನಗೆ.”

ಮರುದಿನ ಮಧ್ಯಾಹ್ನ ಅತ್ತಿಗೆ ಕ್ರೀಡಾಂಗಣವನ್ನು ಸುತ್ತಿಕೊಂಡು ಮುಂಬಾಗಿಲ ಕಡೆಗೆ ಹೋದರು. ಅಲ್ಲೊಂದು ದೊಡ್ಡ ಆಟದ ಸಾಮಾನಿನ ಅಂಗಡಿ. ಅಂಥದೇ ಮೆಷಿನ್ನು ಅಲ್ಲಿ ಆಗಲೇ ಇತ್ತು. ಅಂಗಡಿಯಾಕೆ ಎದ್ದು ಬಂದು ಕುರ್ಚಿ ಹಾಕಿದಳು. ಮೆಷಿನ್ನು ಹೆಸರು ಹಾಕುತ್ತದೆಯೇ ಹೊರತು ತೆಗೆಯುವುದಿಲ್ಲ. ತೆಗೆಯಲು ಹೋಗಿ ತನ್ನ ಕೆಲಸದವರು ಈಗಾಗಲೇ ಎಷ್ಟೋ ಜೆರ್ಸಿಗಳನ್ನು ಹರಿದಿದ್ದಾರೆ ಎಂದು ಹೇಳಿಕೊಂಡಳು. ನೀವು ಬಂದರೆ ಈಗಿನದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದಳು. ಯೋಚನೆ ಮಾಡಿ ಹೇಳುತ್ತೇನೆ ಎಂದು ಅತ್ತಿಗೆಯೂ ಹೇಳಿ ಬಂದರು.

ಆ ಸಂಜೆ ಬೆಂಚು ತುಂಬಿತ್ತು. ಮೈದುನ ಸ್ಟೂಲಿನ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಅತ್ತಿಗೆ ಹೊರಗೆ ಬಂದು, ಸೀರೆಯ ಮೇಲಿನ ದಾರದ ಚೂರುಗಳನ್ನು ಕೊಡವಿಕೊಂಡು, ಸ್ಟೂಲು ಹತ್ತಿ ಕೂತರು. ಅಷ್ಟು ವರ್ಷಗಳಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು. ಕಾಲು ನೆಲಕ್ಕೆ ಎಟುಕಲಿಲ್ಲ. ಡ್ರೈವರಣ್ಣ ತನ್ನ ಟಿಫಿನ್ ಬ್ಯಾಗನ್ನು ಬೆಂಚಿನ ಮೇಲಿಟ್ಟು, ಒಳಗಿನಿಂದ ಮಣೆಯೊಂದನ್ನು ತಂದು ಕಾಲ ಕೆಳಗಿಟ್ಟ.

“ಇವತ್ತು ಮ್ಯಾನೇಜರ್ ನಾನು,” ಎಂದರು ಅತ್ತಿಗೆ. “ದೊಡ್ಡಪ್ಪನ್ನ ಬಿಟ್ಟುಬಿಡೋಣ.”

ಡ್ರೈವರಣ್ಣನ ಮುಖ ನೋಡುವಂತಿರಲಿಲ್ಲ. ಮಣೆ ತಂದುಕೊಟ್ಟದ್ದಕ್ಕೆ ಪಶ್ಚಾತ್ತಾಪ ಪಡುತ್ತಿರುವಂತಿತ್ತು. ಗೆದ್ದ ಮೈದುನ ಮಾತ್ರ ಹುಬ್ಬು ಗಂಟಿಕ್ಕಿದ. ಯಾಕೆ ಅತ್ತಿಗೆ ಎಂದು ಅವನೇ ಕೇಳಿದ.

“ಅವನಿಗೇನು ಬೇರೆ ತಂಡ ಸಿಗಲ್ವಾ? ಬಾಗಿಲು ತೆಗೆದು ಕಾಯ್ತಾ ಇರ್ತಾರೆ. ಅವನು ಎಷ್ಟು ತಿಂತಾನೆ ಅಂತ ಎಲ್ಲರೂ ಲೆಕ್ಕ ಹಾಕಿದ್ರಿ. ಅವನಿಲ್ಲದೆ ಎಷ್ಟು ಉಪವಾಸ ಬೀಳ್ತೀರಿ ಅಂತ ಯಾರೂ ಹಾಕ್ಲಿಲ್ಲ. ಗೊತ್ತಾಗ್ಲಿ ಬಿಡಿ.” ಆಮೇಲೆ ಅದೇ ದನಿಯಲ್ಲಿ ಹೇಳಿದರು: “ನನ್ನದೂ ಈ ತಿಂಗಳಿಗೆ ಮುಗೀತು. ಮುಂಬಾಗಿಲ ಅಂಗಡಿಯವಳು ಕರೆದಿದ್ದಾಳೆ. ಇಲ್ಲಿಗಿಂತ ಜಾಸ್ತಿ ಕೊಡ್ತಾಳಂತೆ.”

ನಾನು ಯಾವತ್ತಾದರೂ ನಿಮ್ಮನ್ನು ಹೋಗಿ ಅಂದಿದ್ದೆನಾ ಎಂದು ಮೈದುನ ಕೇಳಿದ.

“ಕೈ ನಿಧಾನ ಅಂದೆಯಲ್ಲಪ್ಪ,” ಎಂದರು ಅತ್ತಿಗೆ.

ಅಂದು ಮೊಣಕಾಲು ಕೈಯಾದ ಲೆಕ್ಕ ಡ್ರೈವರಣ್ಣನಿಗೆ ಆಗ ಹತ್ತಿತು. ಅವನು ಮೈದುನನನ್ನು ಮೇಲಿಂದ ಕೆಳಗೆ ನೋಡಿದ. ಮೈದುನ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಕೊಂಡ: ಮೆಷಿನ್ನು, ಅದರ ಕಂತು, ಕಂತನ್ನೂ ಅತ್ತಿಗೆಯ ಸಂಬಳವನ್ನೂ ಒಟ್ಟಿಗೆ ತೂಗಿಸಲಾಗದ ಅಂಗಡಿ. ತಿಂಗಳಿಡೀ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ, ನಿಮ್ಮೆದುರು ಹೇಳಲು ಧೈರ್ಯ ಬರಲಿಲ್ಲ ಎಂದ. ಕಡೆಗೆ, ಹೋಗಲೇಬೇಕಾ ಎಂದು ಕೇಳಿದ.

ಸ್ಟೂಲಿನ ಮೇಲಿರುವವರು ಉತ್ತರ ಕೊಡಲೇಬೇಕು ಎಂದು ಟೀಚರ್ ನೆನಪಿಸಿದರು.

“ಅದು ಪ್ರಶ್ನೆ ಅಲ್ಲ, ಅಳು,” ಎಂದರು ಅತ್ತಿಗೆ. “ಇಟ್ಕೋಬೇಕು ಅಂತಿದ್ರೆ ಏನು ಕೊಡ್ತೀಯ ಹೇಳು.”

ಅಲ್ಲಿಂದ ಬೆಂಚಿಗೆ ಜೀವ ಬಂತು. ಡ್ರೈವರಣ್ಣ ಎದ್ದು ನಿಂತು, ಇನ್ನು ಮುಂದೆ ಅತ್ತಿಗೆಯ ಏಜೆಂಟ್ ತಾನು, ಮಾತೇನಿದ್ದರೂ ತನ್ನ ಮೂಲಕ ಎಂದು ಸಾರಿದ. ಟೀಚರ್ ಮಿತಿ ನೋಡಿಕೊಳ್ಳಲು ಲೀಗಿನ ಪರವಾಗಿ ಕೂತರು. ಮೈದುನ ಸಂಬಳ ಏರಿಸುತ್ತೇನೆ, ಮೆಷಿನ್ನು ಬೇಡವೇ ಬೇಡ ಎಂದ. ಏಜೆಂಟು ಒಪ್ಪಿಬಿಡುವುದರಲ್ಲಿದ್ದ, ಅತ್ತಿಗೆಯೇ ಅವನನ್ನು ತಡೆದರು.

“ಮೆಷಿನ್ ಬೇಡ ಅಂತ ನಾನು ಯಾವತ್ತು ಹೇಳಿದೆ? ನೀನು ಕೇಳಿದ್ರೆ ತಾನೇ. ಅಂಚು ಹೊಲಿದೂ ಹೊಲಿದೂ ನನ್ನ ಬೆರಳು ಸೆಟೆದುಕೊಂಡಿದೆ. ಅದು ಹಾಕ್ಲಿ, ನಾನು ತೆಗೀತೀನಿ. ತೆಗೆಯೋದಕ್ಕೆ ಅದಕ್ಕೆ ಬರುತ್ತಾ ಅಂತ ಆ ಮನುಷ್ಯನ್ನ ಕೇಳಿದ್ಯಾ?”

ಮೈದುನ ಕೇಳಿರಲಿಲ್ಲ. ಹಳೆಯ ಹೆಸರು ಹಾಗೇ ಇದ್ದರೆ ಹೊಸದನ್ನು ಹೊಟ್ಟೆಯ ಮೇಲೆ ಹಾಕಿಸಿಕೊಳ್ಳಬೇಕೇ ಎಂದು ಔಷಧಿ ಅಂಗಡಿಯವನು ವಿಚಾರಿಸಿದ. ಮುಂಬಾಗಿಲ ಅಂಗಡಿಯಲ್ಲಿ ಬಿಚ್ಚುವವರಿಲ್ಲದೆ ಬಿದ್ದಿರುವ ಕೆಲಸವನ್ನು ಇಲ್ಲಿಗೇ ತರಿಸಿಕೊಂಡರೆ ಕಂತಿನ ಬಹುಪಾಲು ಅದರಿಂದಲೇ ಹುಟ್ಟುತ್ತದೆ ಎಂದು ಅತ್ತಿಗೆ ಹೇಳಿದರು. ಟೀಚರ್ ಬೆರಳು ಮಡಿಸಿ ನೋಡಿ, ಮೆಷಿನ್ನು, ಅತ್ತಿಗೆ ಎರಡೂ ಮಿತಿಯೊಳಗೆ ಬರುತ್ತವೆ ಎಂದರು. ಈ ಸಲ ಆಟಗಾರರು ಐವರೂ ಇದ್ದಾರಾ ನೋಡಿ ಎಂದು ಯಾರೋ ಹಿಂದಿನಿಂದ ಅಂದರು.

ಬಿಚ್ಚುವ ಕೆಲಸದ ಆದಾಯದಲ್ಲಿ ಅತ್ತಿಗೆಗೆ ಸಂಬಳವಲ್ಲ, ಪಾಲು ಎಂದು ತೀರ್ಮಾನವಾಯಿತು. ಕಿಟಕಿಯ ಪಕ್ಕದ ಜಾಗ ಮೆಷಿನ್ನಿಗಲ್ಲ, ಅವರಿಗೇ ಎಂಬ ಷರತ್ತನ್ನು ಏಜೆಂಟು ಸೇರಿಸಿದ. ತನಗೂ ದಿನಕ್ಕೊಂದು ಟೀ ಎಂದು ಸೇರಿಸಲು ಹೋದಾಗ ಎಲ್ಲರೂ ಸೇರಿ ಅವನನ್ನು ಕೂರಿಸಿದರು. ಮುಂಬಾಗಿಲಿನಾಕೆಗೆ ವಿಷಯ ತಿಳಿಸಲು ಅತ್ತಿಗೆಯೇ ಹೋದರು. ಬಿಚ್ಚಿದ ಜೆರ್ಸಿ ಹರಿಯದೆ ಬಂದರೆ ಸಾಕು, ಎಲ್ಲಿ ಕೂತು ಬಿಚ್ಚಿದರೆ ನನಗೇನು ಎಂದಳು ಆಕೆ.

ಅದೇ ವಾರ ತಂಡ ದೊಡ್ಡಪ್ಪನನ್ನು ಬಿಟ್ಟುಕೊಟ್ಟಿತು. ದೂರದ ತಂಡವೊಂದು ಅವನನ್ನು ಎರಡು ವರ್ಷಕ್ಕೆ ಬರಮಾಡಿಕೊಂಡಿತು. ಬೀದಿಯ ಅರ್ಧ ಜನ ಬೈದರು, ಇನ್ನರ್ಧ ಜನ ಹೊಸ ಹುಡುಗರ ಹೆಸರು ಬಾಯಿಪಾಠ ಮಾಡತೊಡಗಿದರು, ಮತ್ತು ಎರಡೂ ಕಡೆಯವರು ಜೆರ್ಸಿ ಹಿಡಿದು ಹಿಂಬಾಗಿಲಿಗೆ ಬಂದರು. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ರಾಶಿ ಬಿತ್ತು. ಹೊಸ ಮೆಷಿನ್ನು ಒಳಗೋಡೆಯ ಪಕ್ಕ ಗುಂಯ್‌ಗುಟ್ಟುತ್ತಿದ್ದರೂ ಆಗಾಗ ಸುಮ್ಮನೆ ನಿಲ್ಲುತ್ತಿತ್ತು. ಅತ್ತಿಗೆ ಒಂದನ್ನು ಬಿಚ್ಚಿ ಮುಗಿಸದೆ ಅದಕ್ಕೆ ಕೆಲಸವಿರಲಿಲ್ಲ.

ಹಾಗೆ ಅದು ನಿಂತ ಒಂದು ಹೊತ್ತಿನಲ್ಲಿ ಮೈದುನ ಕಿಟಕಿಯ ಬಳಿಗೆ ಬಂದ. ಬೆಂಚಿನವರನ್ನೂ ಸಾಕ್ಷಿಗೆಂದು ಕರೆದು ನಿಲ್ಲಿಸಿಕೊಂಡಿದ್ದ. ಈ ಏರ್ಪಾಡು ಬಾಯಿಮಾತಿನಲ್ಲಿ ಇರುವುದು ತನಗೆ ಹೆದರಿಕೆ, ಮುಂಬಾಗಿಲಿನಾಕೆ ಮತ್ತೆ ಯಾವಾಗ ಕರೆಯುತ್ತಾಳೋ ಗೊತ್ತಿಲ್ಲ, ಆದ್ದರಿಂದ ಐದು ವರ್ಷಕ್ಕೆ ಬರೆದುಕೊಡಿ ಎಂದು ಕೇಳಿದ. ಏಜೆಂಟು ಹಿಗ್ಗಿದ. ಐದು ವರ್ಷ ದೊಡ್ಡಪ್ಪನಿಗೂ ಸಿಕ್ಕಿರಲಿಲ್ಲ ಎಂದ.

ಅತ್ತಿಗೆ ತಲೆ ಎತ್ತಲಿಲ್ಲ. ಬ್ಲೇಡಿನ ತುದಿಯಲ್ಲಿ ಒಂದು ಹೊಲಿಗೆ ಕತ್ತರಿಸಿ ದಾರ ಎಳೆದರು.

“ಒಂದೇ ವರ್ಷ ಸಾಕು,” ಎಂದರು. “ಮುಂದಿನ ವರ್ಷ ಮಾರ್ಕೆಟ್ ಹೇಗಿರುತ್ತೋ ನೋಡ್ಬೇಕಲ್ಲ.”