ಅಕ್ಕನ ಉಳುಕು ತುಳಿದ ಎಂಟು ದಿನ

ಆಗೆಲ್ಲ ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಯಾರ ಸೊಂಟ ಹಿಡಿದುಕೊಂಡರೂ ನನಗೇ ಬುಲಾವ್. ನನ್ನಂತೆ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ. ಒಂಬತ್ತು ವರ್ಷದ ನಾನು ಬ್ಯಾಂಕ್ ಮ್ಯಾನೇಜರನ್ನೂ ಬೋರಲು ಮಲಗಿಸಿ ಒದ್ದು, ಕೊಬ್ಬರಿ ಬೆಲ್ಲ ತಿಂದುಕೊಂಡು ಬರುತ್ತಿದ್ದೆ. ಓದಿದವರು! ಒಬ್ಬರಿಗೂ ನಾಚಿಕೆಯಿರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಖೊಖೊ ಆಡುವಾಗ ಕಂಬದ ಹತ್ತಿರ ತಿರುಗಲು ಹೋಗಿ, ಪಾದ ಒಳಕ್ಕೆ ಮಗುಚಿ ಬಿದ್ದಳು. ಕಾಲಿನ ಗಿಣ್ಣು ಬನ್ನಿನಂತೆ ಊದಿತು. ಜಿಲ್ಲಾ ತಂಡದ ಆಯ್ಕೆಗೆ ಒಂಬತ್ತೇ ದಿನವಿತ್ತು.

ಎರಡು ರಸ್ತೆ ಆಚೆ ಕ್ಲಿನಿಕ್ಕಿತ್ತು. ಅಪ್ಪ ಸ್ಕೂಟರ್ ಕೀಲಿ ತೆಗೆದುಕೊಂಡರು. ಕಡಕೊಳದಿಂದ ಬಂದಿದ್ದ ಅಜ್ಜಿ ತಡೆದಳು.

"ಇವ್ಳು ಮನೇಲೇ ಇರೋವಾಗ ಡಾಕ್ಟ್ರು ಯಾಕ್ಲಾ?"

ಅಪ್ಪ ಕೀಲಿಯನ್ನು ಮೊಳೆಗೆ ನೇತುಹಾಕಿದರು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ದಿನಾ ಬೆಳಿಗ್ಗೆ ಅಜ್ಜಿ ಬಿಸಿ ಹರಳೆಣ್ಣೆ ಹಚ್ಚುತ್ತಿದ್ದಳು. "ಇನ್ನೊಸಿ ಒತ್ತಿ ತುಳಿಯವ್ವ." ನಾನು ತುಳಿಯುತ್ತಿದ್ದೆ. ಅಕ್ಕ ದಿಂಬು ಕಚ್ಚಿಕೊಳ್ಳುತ್ತಿದ್ದಳು.

"ನೋಯ್ತದಾ ಅಕ್ಕ?"

"ತುಳಿಯೇ. ಶನಿವಾರ ಓಡ್ಬೇಕು ಕಣೇ."

ಶನಿವಾರ ಗಿಣ್ಣಿಗೆ ಬಟ್ಟೆ ಬಿಗಿದುಕೊಂಡು ಓಡಿದಳು. ಮೊದಲನೇ ತಿರುವಿನಲ್ಲೇ ಬಿದ್ದಳು. ಮತ್ತೆಂದೂ ಆಡಲಿಲ್ಲ.

ಈಗ ನಾನು ಫಿಸಿಯೋಥೆರಪಿಸ್ಟ್. ಗಿಣ್ಣಿನ ಹೊರಬದಿಯಲ್ಲಿ ಮೂಳೆಗೂ ಮೂಳೆಗೂ ಬಿಗಿದ ಮೂರು ಪಟ್ಟಿಗಳಿವೆ, ಲಿಗಮೆಂಟುಗಳು. ಪಾದ ಒಳಕ್ಕೆ ಮಗುಚದಂತೆ ಹಿಡಿದಿಡುವುದು ಅವುಗಳ ಕೆಲಸ. ಅವುಗಳಲ್ಲಿ ರಕ್ತದ ಓಡಾಟ ಕಡಿಮೆ, ಹರಿದರೆ ನಿಧಾನವಾಗಿ ಕೂಡುತ್ತವೆ. ಪಟ್ಟಿ ಕಟ್ಟಿ, ಕಾಲು ಎತ್ತಿಟ್ಟು, ಭಾರ ಹಾಕದೆ ಕಾಯಬೇಕಿತ್ತು. ನಾವು ಎಂಟು ದಿನ ತುಳಿದೆವು. ರೋಗಿಗಳಿಗೆ ಇದನ್ನು ವಿವರಿಸುವಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಹೋದ ತಿಂಗಳು ಅಕ್ಕನ ಫೋನ್. "ಮಗಳ ಕಾಲು ಉಳುಕ್ಬುಟ್ಟದೆ. ಬಂದು ಒಂದ್ಸಲ ತುಳಿದು ಹೋಗೇ."

"ನಿನ್ ಕಾಲು ಏನಾಯ್ತು ಅಂತ ಮರೆತ್ಬುಟ್ಯಾ?" ಕಿರುಚಿದೆ.

"ನೀನು ಸರಿಯಾಗೇ ತುಳಿದಿದ್ದೆ ಕಣೇ. ನಾನೇ ಅವಸರ ಮಾಡಿ ಓಡಿ ಕೆಡಿಸ್ಕೊಂಡೆ."

ಇಷ್ಟು ವರ್ಷ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡ ಅಕ್ಕ, ತಪ್ಪು ತನ್ನದೆಂದೇ ನಂಬಿದ್ದಾಳೆ. ಅಜ್ಜಿ ಇಲ್ಲ, ಅಪ್ಪ ಇಲ್ಲ, ಬೈಯಲು ಯಾರೂ ಉಳಿದಿಲ್ಲ. ಕಂಬ ಹಿಡಿದು ಗಿರ್ರನೆ ತಿರುಗುತ್ತಿದ್ದ ಆ ಹುಡುಗಿಯೂ ಇಲ್ಲ.

ಸ್ಕೂಟರ್ ಕೀಲಿ ತೆಗೆದುಕೊಂಡೆ. ಅಕ್ಕನ ಮನೆಗೆ ಹೋಗಿ, ಅವಳ ಮಗಳನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ.