ಟ್ರಾಮ್ ನಿಲ್ಲಿಸಿದ ಶಿವಲಿಂಗವ್ವ

ಶಿವಲಿಂಗವ್ವ ಮಾತಾಡಿದರೆ ಮುಂಬಯಿಯ ಪರೇಲಿನ ನಮ್ಮ ಇಡೀ ಚಾಳಿಗೆ ಕೇಳುತ್ತಿತ್ತು. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸಪ್ಪಳದ ನಡುವೆ ಮಾತು ಕಲಿತವಳು. ಮೆಲ್ಲಗೆ ಮಾತಾಡುವುದು ಆಕೆಗೆ ಬರುತ್ತಲೇ ಇರಲಿಲ್ಲ. ಗುಟ್ಟಿನ ವಿಷಯವಿದ್ದರೆ ನಾವೇ ಆಕೆಯ ಬಾಯಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಗಿರಣಿ ಕೆಲಸಕ್ಕೆಂದು ಕರೆತಂದಿದ್ದ ಗಂಡ ತೀರಿಕೊಂಡ ಮೇಲೂ ಊರಿಗೆ ಹಿಂತಿರುಗದೆ, ತನ್ನ ಒಂದೇ ಖೋಲಿಯಲ್ಲಿ ನಮ್ಮ ಕಡೆಯ ಗಂಡಸರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು.

ನಾನು ಮದುವೆಯಾಗಿ ಹುನ್ನೂರಿನಿಂದ ಅಲ್ಲಿಗೆ ಹೋದಾಗ ಜಮಖಂಡಿ ಸೀಮೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ನಮ್ಮದೇ ರಾಜ್ಯದ ಊರೆಂದು ಕುಡಚಿಯಲ್ಲಿ ಧೈರ್ಯವಾಗಿ ರೈಲು ಹತ್ತಿದವಳು, ದಾದರದ ಜನಸಂದಣಿ ಕಂಡು ಗಂಡನ ಅಂಗಿಯ ಚುಂಗು ಹಿಡಿದುಕೊಂಡಿದ್ದೆ. ನನ್ನವರ ಖೋಲಿಯಲ್ಲಿ ರಬಕವಿಯ ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಬೇರೆ ಖೋಲಿ ಸಿಗುವ ಹಾಗಿರಲಿಲ್ಲ. ಗಿರಣಿಗಳ ಬಾಗಿಲಿಗೆ ದಿನವೂ ಹೊಸ ಜನ ಬಂದು ಇಳಿಯುತ್ತಿತ್ತು. ಮೆಟ್ಟಿಲುಗಳ ಕೆಳಗೂ ಸಂಸಾರಗಳಿದ್ದವು. ಹೊರಗೆ ಟ್ರಂಕಿನ ಮೇಲೆ ಕೂತು ಅಳುತ್ತಿದ್ದವಳನ್ನು ಶಿವಲಿಂಗವ್ವ ಎಬ್ಬಿಸಿದಳು. ಟ್ರಂಕನ್ನು ತಾನೇ ಹೊತ್ತು ಒಳಗೊಯ್ದು, ಖೋಲಿಯ ನಡುವೆ ತನ್ನ ಇಳಕಲ್ ಸೀರೆ ಕಟ್ಟಿದಳು.

“ಈ ಕಡೆ ನಿಮ್ಮ ಮನಿ, ಆ ಕಡೆ ನನ್ನ ಮನಿ. ನನ್ನ ಬಾಯಿಗೆ ಮಾತ್ರ ಗ್ವಾಡಿ ಇಲ್ಲವ್ವಾ, ಸಂಭಾಳಿಸ್ಕೋ” ಎಂದಳು.

ನಳದ ಸರದಿಯಲ್ಲಿ ಕೊಡ ಇಡುವುದನ್ನು, ಸಂತೆಯಲ್ಲಿ ಮರಾಠಿ ಆಡುವುದನ್ನು ಆಕೆಯೇ ಕಲಿಸಿದಳು. ಆಕೆಯ ಮರಾಠಿಯಲ್ಲಿ ಅರ್ಧ ಕನ್ನಡವೇ ಇರುತ್ತಿತ್ತು. ಆದರೂ ಅಂಗಡಿಯವರು ತಿಳಿದುಕೊಳ್ಳುತ್ತಿದ್ದರು. ತಿಳಿಯುವ ತನಕ ಆಕೆ ಬಿಡುತ್ತಿರಲಿಲ್ಲ.

ಮರುವರ್ಷದ ಮಳೆಗಾಲ. ನನ್ನವರು ಪಾಳಿಗೆ ಹೋಗಿದ್ದಾಗ ಮಧ್ಯಾಹ್ನವೇ ಹೆರಿಗೆಯ ಬ್ಯಾನೆ ಶುರುವಾಯಿತು. ಬೀದಿಯಲ್ಲಿ ಮೊಳಕಾಲುದ್ದ ನೀರು, ಒಂದೂ ಟಾಂಗಾ ಇಲ್ಲ. ಶಿವಲಿಂಗವ್ವ ಕೆಳಗಿನವರ ಕೈಗಾಡಿ ಎಳೆಸಿ, ಕೌದಿ ಹಾಸಿ ನನ್ನನ್ನು ಮಲಗಿಸಿದಳು. ಊಟಕ್ಕೆ ಬಂದಿದ್ದ ಗಂಡಸರು ರೊಟ್ಟಿ ಬಿಟ್ಟೆದ್ದು ಗಾಡಿ ದೂಡಿದರು. ದೊಡ್ಡ ರಸ್ತೆಗೆ ಬಂದರೆ ಮೋಟಾರು, ಲಾರಿ, ಜನ. ದಾಟಲು ದಾರಿಯೇ ಇಲ್ಲ. ಎದುರಿಗೆ ಟ್ರಾಮ್ ಗಂಟೆ ಬಾರಿಸುತ್ತ ಬರುತ್ತಿತ್ತು. ಆಕೆ ಹಳಿಗಳ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಟ್ರಾಮ್ ಕಿರುಗುಟ್ಟಿ ನಿಂತಿತು. ಇಳಿದು ಬಂದ ಕಂಡಕ್ಟರ್ ಮರಾಠಿಯಲ್ಲಿ ಬೈಯತೊಡಗಿದಾಗ ಆಕೆ ಕನ್ನಡದಲ್ಲೇ ಹೇಳಿದಳು:

“ನಮ್ಮ ಹುಡಿಗಿ ಹಡಿಯಾಕತ್ತಾಳ. ಮೊದಲ ಆಕಿ ಹೋಗಲಿ, ಆಮ್ಯಾಲ ನಿಮ್ಮ ಮುಂಬೈ ಹೋಗ್ಲಿ.”

ಅವನಿಗೆ ಎಷ್ಟು ತಿಳಿಯಿತೋ, ಗಾಡಿಯತ್ತ ನೋಡಿ ದಾರಿ ಬಿಟ್ಟ. ಟ್ರಾಮಿನಿಂದ ಇಳಿದ ಒಂದಿಬ್ಬರು ತಾವೂ ಗಾಡಿಗೆ ಕೈಹಚ್ಚಿದರು. ಆಸ್ಪತ್ರೆಯ ಮಂಚಕ್ಕೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಮಗಳು ಹುಟ್ಟಿದಳು. ಕೊರಳಿಗೆ ಹೊಕ್ಕುಳ ಹುರಿ ಸುತ್ತಿತ್ತಂತೆ. ತಡವಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ನರ್ಸಬಾಯಿ. ಕೂಸಿಗೆ ಆಕೆಯ ಹೆಸರನ್ನೇ ಇಡುತ್ತೇನೆಂದರೆ ಶಿವಲಿಂಗವ್ವ ಒಪ್ಪಲಿಲ್ಲ. ಚಾಳಿನಲ್ಲಿ ಕೂಗಿ ಕರೆಯಲು ಸಣ್ಣ ಹೆಸರಿರಬೇಕೆಂದು ತಾನೇ ನೀಲಾ ಎಂದು ಆರಿಸಿದಳು.

ಕೆಲವು ವರ್ಷಗಳಲ್ಲಿ ನಮಗೆ ಕುರ್ಲಾದಲ್ಲಿ ಸ್ವಂತ ಖೋಲಿ ಸಿಕ್ಕಿತು. ಶಿವಲಿಂಗವ್ವ ಕಣ್ಣು ಮಂಜಾಗಿ, ಬನಹಟ್ಟಿಯ ಅಣ್ಣನ ಮನೆ ಸೇರಿದಳು. ಒಮ್ಮೆ ಊರಿಗೆ ಬಂದಾಗ ನೀಲಾಳನ್ನು ಕರೆದುಕೊಂಡು ಹೋದೆ. ಮಗಳ ಮುಖವನ್ನು ಬೆರಳಿನಿಂದ ಸವರಿ, ಶಾಲೆಗೆ ಹೋಗುತ್ತಾಳೋ ಎಂದು ಕೇಳಿದಳು. ನಾನು ಕಾಲಿಗೆರಗಿದಾಗ ನನ್ನ ರಟ್ಟೆ ಹಿಡಿದಳು.

“ನನ್ನ ಕಾಲಿಗೆ ಯಾಕ ಬೀಳ್ತಿ ತಂಗಿ? ನಾನೂ ಮುಂಬೈಗೆ ಬಂದ ದಿನ ಅಳಕೋತ ಕುಂತಿದ್ನಿ. ಒಬ್ಬಾಕಿ ಕೊಂಕಣದಾಕಿ ಒಳಗ ಕರದು ಅನ್ನಾ ಹಾಕಿದ್ಲು. ಆಕಿ ಖೋಲಿ ಬಿಟ್ಟ ಎಲ್ಲಿಗಿ ಹೋದ್ಲೋ, ಹೆಸರ ಸುದ್ದಾ ಕೇಳ್ಕೊಳ್ಳಲಿಲ್ಲ ನಾನು.”

ಊರಿಗೆ ಹೋಗುವ ಮೋಟಾರಿಗೆ ಹೊತ್ತಾಯಿತೆಂದು ಆಕೆಯೇ ನಮ್ಮನ್ನು ಹೊರಡಿಸಿದಳು. ಮರುವರ್ಷ ನಾನು ಬರುವಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಹೊಸ್ತಿಲ ಬಳಿ ಕೂತು, ಆಕೆಗೆ ಹೇಳಬೇಕೆಂದಿದ್ದುದನ್ನೆಲ್ಲ ಆಕೆಯ ಅತ್ತಿಗೆಗೆ ಹೇಳಿ ಬಂದೆ.