ದೀಪಗಳಿಗೆ ಬಂದ ಪ್ರಶಸ್ತಿ

ಸುಗುಣಾ ಬಂಗೇರ ಸಿಟ್ಟಿನ ಹೆಂಗಸಲ್ಲ. ಉಡುಪಿಯಿಂದ ಮದುವೆಯಾಗಿ ಮುಂಬೈ ಬದಿಯ ಡೊಂಬಿವಲಿಗೆ ಬಂದು, ವಾಶಿಯ ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವರು. ಲೋಕಲ್ ರೈಲಿನ ನೂಕುನುಗ್ಗಲಲ್ಲೂ ದನಿ ಏರಿಸಿದವರಲ್ಲ. ಅಂಥವರ ಮೈ ಉರಿದದ್ದು ತೃಪ್ತಿ ಎಂಬ ಹುಡುಗಿ ಬ್ಯಾಂಕಿಗೆ ಬಂದ ದಿನ.

ಪರಿಸರದ ವಿಷಯದಲ್ಲಿ ಬ್ಯಾಂಕುಗಳ ನಡತೆ ಅಳೆದು ಅಂಕ ಕೊಡುವ ಸಂಸ್ಥೆಯವಳು ಆಕೆ. ಬ್ಯಾಂಕಿನ ಮ್ಯಾನೇಜರ್, ಧಾರವಾಡ ಕಡೆಯ ಲಕ್ಷ್ಮೀಕಾಂತ ಅವಳನ್ನು ತಾರಸಿಗೆ ಹತ್ತಿಸಿ ಸೋಲಾರ್ ತೋರಿಸಿದರು, ಎಲ್‌ಇಡಿ ದೀಪ ತೋರಿಸಿದರು, ಬಾಗಿಲ ಬಳಿಯ ಹೂಕುಂಡಗಳನ್ನೂ ಬಿಡಲಿಲ್ಲ.

“ಕಾಗದಾ ಬಳಸೂದ ಬಿಟ್ಟೇವ್ರೀ ಮೇಡಂ,” ಎಂದು ಬೀಗಿದರು.

ಸುಗುಣಾಗೆ ತಡೆಯಲಾಗಲಿಲ್ಲ. “ನಾವು ಸಾಲ ಕೊಟ್ಟ ಬಣ್ಣದ ಫ್ಯಾಕ್ಟರಿ ನೋಡುವುದಿಲ್ವಾ?”

“ಆಂಟಿ, ವೋ ಹಮಾರೇ ಸ್ಕೋಪ್ ಮೇ ನಹೀ ಆತಾ,” ಎಂದಳು ತೃಪ್ತಿ. “ಬ್ಯಾಂಕಿನ ಬಿಲ್ಡಿಂಗ್ ಮಾತ್ರ ನಮ್ಮ ಲೆಕ್ಕಕ್ಕೆ.”

“ಎಂತ ಮಾತು ಮಾರಾಯ್ತಿ! ಬ್ಯಾಂಕಿನ ಕೆಲಸ ದೀಪ ಹಾಕುವುದಾ, ದುಡ್ಡು ಕೊಡುವುದಾ? ಆ ದುಡ್ಡು ಊರಿಗೆ ಎಂತ ಮಾಡಿತು ಅಂತ ನೋಡದೆ ನೀವು ಅಳೆಯುವುದಾದರೂ ಎಂತ?”

ಶನಿವಾರ ಸುಗುಣಾ ಅವಳನ್ನು ಡೊಂಬಿವಲಿಗೇ ಕರೆದೊಯ್ದರು. ಫ್ಯಾಕ್ಟರಿಯ ನೀರು ಬಿದ್ದು ಮನೆ ಹಿಂದಿನ ನಾಲಾ ಕಡುಗೆಂಪಾಗಿ ಹರಿಯುತ್ತಿತ್ತು. ಪಕ್ಕದ ಮನೆಯ ಪ್ರಭಾ ಸುಡುಬಿಸಿಲಲ್ಲೂ ಕಿಟಕಿ ಮುಚ್ಚಿ ಕೆಮ್ಮುತ್ತ ಕೂತಿದ್ದರು. ಫ್ಯಾಕ್ಟರಿಗೆ ಮಾಲಿನ್ಯದ ದಂಡ ಬಿದ್ದದ್ದು ಗೊತ್ತಿದ್ದೂ ಫ್ಯಾಕ್ಟರಿ ದೊಡ್ಡದು ಮಾಡಲು ಬ್ಯಾಂಕು ಮತ್ತೆ ಸಾಲ ಕೊಡಲಿತ್ತು. ದುಪಟ್ಟಾದಿಂದ ಮೂಗು ಮುಚ್ಚಿಕೊಂಡೇ ತೃಪ್ತಿ ಎಲ್ಲ ಬರೆದುಕೊಂಡಳು. ಅವಳ ಮೇಲಿನವರು ಅಷ್ಟನ್ನೂ ವರದಿಯಿಂದ ಹೊಡೆದುಹಾಕಿದರು.

ಆ ಸಂಸ್ಥೆಯಿಂದ ಬ್ಯಾಂಕಿಗೆ ಪ್ರಥಮ ಪ್ರಶಸ್ತಿ! ಸೀವುಡ್ಸ್‌ನ ಸಭಾಂಗಣದಲ್ಲಿ ಸಮಾರಂಭ. ಹಿರಿಯರೆಂದು ವಂದನಾರ್ಪಣೆಗೆ ಸುಗುಣಾ ಕೈಗೆ ಮೈಕು ಬಂತು.

“ಈ ಪ್ರಶಸ್ತಿ ಬಂದದ್ದು ನಮ್ಮ ದೀಪಗಳಿಗೆ,” ಎಂದರು. “ನಾವು ಕೊಟ್ಟ ಸಾಲಗಳನ್ನು ಯಾರೂ ನೋಡಲಿಲ್ಲ. ನೋಡಬೇಕಾದರೆ ನನ್ನ ಮನೆಗೆ ಬನ್ನಿ, ನಾಲಾದ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿ!”

ಮೈಕು ತಟ್ಟನೆ ಸತ್ತಿತು. ಆದರೆ ಠೇವಣಿದಾರರ ಸಾಲಿನಿಂದ ಹೋಟೆಲಿನ ಭುಜಂಗಣ್ಣ ಎದ್ದು ನಿಂತರು. “ಅಕ್ಕ ಮಾತಾಡಲಿ. ನಮ್ಮ ದುಡ್ಡು ಎಲ್ಲಿಗೆ ಹೋಗ್ತದೆ ಅಂತ ನಮಗೂ ಗೊತ್ತಾಗ್ಬೇಕಲ್ಲ?”

ವಾರ ಕಳೆಯುವುದರೊಳಗೆ ಸುಗುಣಾಗೆ ಬದಲಾಪುರ ಶಾಖೆಗೆ ವರ್ಗ. ಹೋದರು. ಮಹಾಸಭೆಯಲ್ಲಿ ಭುಜಂಗಣ್ಣ ಮತ್ತು ಇತರ ಸದಸ್ಯರು ಪಟ್ಟು ಹಿಡಿದಿದ್ದರಿಂದ ಆಡಳಿತ ಮಂಡಳಿ ಹೊಸ ಸಾಲ ತಡೆಹಿಡಿಯಿತು.

“ಗೆದ್ದಿರಲ್ಲ ಸುಗುಣಕ್ಕ,” ಎಂದರು ಪ್ರಭಾ.

“ಗೆದ್ದದ್ದು ಎಂತ? ಪ್ರಶಸ್ತಿಯನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಬರುವ ವರ್ಷವೂ ಅದು ನಮ್ಮ ಬ್ಯಾಂಕಿಗೇ ಅಂತೆ!” ಎನ್ನುವಾಗ ಸುಗುಣಾ ದನಿ ಏರಿತ್ತು.